ಗೋಲ್ಡ್ ಫಿಶ್ ಬಾಲದ ಮೇಲೆ ರವೆಯಂಥ ಚುಕ್ಕೆ: ಸಾಕಿ ಅನುಭವ ಇದ್ದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಅಂತ ಎರಡಡಿ ಟ್ಯಾಂಕ್ ತಂದೆವು, ಸುಮಾರು 50 ಲೀಟರ್ ಹಿಡಿಯುತ್ತದೆ. ಅದರಲ್ಲಿ 4 ಗೋಲ್ಡ್ ಫಿಶ್, 6 ಗಪ್ಪಿ, ಜೊತೆಗೆ ಪಾಚಿ ತಿನ್ನುತ್ತದೆ ಅಂತ ಅಂಗಡಿಯವರು ಕೊಟ್ಟ ಒಂದು ಸಕ್ಕರ್. ಮೂರು ವಾರ ಎಲ್ಲ ಚೆನ್ನಾಗಿತ್ತು. ಹೋದ ಭಾನುವಾರ ಇನ್ನೆರಡು ಗಪ್ಪಿ ತಂದು ಬಿಟ್ಟೆ. ಬುಧವಾರದಿಂದ ಗೋಲ್ಡ್ ಫಿಶ್ ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜುತ್ತಿವೆ. ಅಂಗಡಿಯಲ್ಲಿ ನೀಲಿ ಔಷಧ ಕೊಟ್ಟರು, ಹಾಕಿದೆ. ಆಮೇಲೆ ಗಾಬರಿಯಾಗಿ ನೀರು ಪೂರ್ತಿ ಬದಲಿಸಿ, ಫಿಲ್ಟರ್ ಸ್ಪಂಜನ್ನೂ ನಲ್ಲಿ ಕೆಳಗೆ ಚೆನ್ನಾಗಿ ಹಿಂಡಿ ತೊಳೆದೆ. ಮಾರನೇ ದಿನ ಎರಡು ಗಪ್ಪಿ ಸತ್ತವು. ಮಗಳು ಊಟ ಬಿಟ್ಟು ಕೂತಿದ್ದಾಳೆ. ನಮ್ಮಮ್ಮ "ಸುಮ್ನೆ ಪಾಪ ಕಟ್ಕೋಬೇಡ, ಕೆರೆಗೆ ಬಿಟ್ಟು ಬಾ" ಅಂತಿದ್ದಾರೆ. ಏನು ಮಾಡಲಿ?

ಮೈಸೂರಿನಿಂದ:

ಮೊದಲು ಕೆರೆ ವಿಷಯ. ದಯವಿಟ್ಟು ಬಿಡಬೇಡಿ. ಆ ಸಕ್ಕರ್ ಇದೆಯಲ್ಲ, ಈಗ ಎರಡಿಂಚು ಇರಬಹುದು, ಬೆಳೆದರೆ ಒಂದಡಿ ದಾಟುತ್ತದೆ. ದಕ್ಷಿಣ ಅಮೆರಿಕದ ಮೀನು, ಮೈಯೆಲ್ಲ ಗಟ್ಟಿ ಕವಚ. ಕೆರೆಗೆ ಹೋದರೆ ಅಲ್ಲೇ ಸಂಸಾರ ಹೂಡುತ್ತದೆ, ಬಲೆ ಹಾಕುವವರ ಬಲೆಯನ್ನೂ ಹರಿಯುತ್ತದೆ. ಅಮ್ಮನಿಗೆ ಹೇಳಿ, ಪಾಪ ಅದರಲ್ಲೇ ಜಾಸ್ತಿ.

ಇನ್ನು ನಿಮ್ಮ ಟ್ಯಾಂಕ್. ಚುಕ್ಕೆ ಬಂದದ್ದು ಒಂದು ತೊಂದರೆ. ಗಪ್ಪಿ ಸತ್ತದ್ದು ಬಹುಶಃ ಇನ್ನೊಂದು ತೊಂದರೆಯಿಂದ. ಸ್ಪಂಜ್ ನಲ್ಲಿ ಕೆಳಗೆ ತೊಳೆದೆ ಅಂದಿರಲ್ಲ, ಅದನ್ನು ಓದಿ ನನ್ನ ಹೊಟ್ಟೆ ಚುರ್ ಅಂದಿತು. 2011ರಲ್ಲಿ ನಾನೂ ಅದನ್ನೇ ಮಾಡಿದ್ದೆ. ಭಾನುವಾರ ಪಾತ್ರೆ ತೊಳೆದ ಹಾಗೆ ಟ್ಯಾಂಕ್ ತೊಳೆದು, ಜಲ್ಲಿ ಕಲ್ಲಿಗೆ ಹಳೇ ಬ್ರಷ್ ಹಾಕಿ ಉಜ್ಜಿ, ಸ್ಪಂಜಿನಿಂದ ಕಂದು ನೀರು ಬರುವುದು ನಿಲ್ಲುವ ತನಕ ಹಿಂಡಿ, ಥಳಥಳ ಹೊಳೆಯುವ ನೀರು ತುಂಬಿಸಿ, ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಂಗಳವಾರ ಬೆಳಿಗ್ಗೆ ಎಲ್ಲ ಮೀನೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ನಾನು ಕಾಯಿಲೆ ಅಂದುಕೊಂಡು ಔಷಧದ ಮೇಲೆ ಔಷಧ ಸುರಿದೆ. ಶುಕ್ರವಾರದ ಹೊತ್ತಿಗೆ ಆರು ಮೀನು ಹೋದವು. ಕಾಯಿಲೆಯೇ ಇರಲಿಲ್ಲ, ನೀರಲ್ಲಿ ಅಮೋನಿಯಾ ಇತ್ತು.

ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತಿರುತ್ತದೆ. ಅದು ಅದಕ್ಕೇ ವಿಷ. ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಆಮೇಲೆ ನೈಟ್ರೇಟ್ ಆಗುತ್ತದೆ, ಅಷ್ಟೇನೂ ಅಪಾಯವಿಲ್ಲ, ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಹೊಸ ಟ್ಯಾಂಕಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ನಿಮ್ಮದು ಇನ್ನೂ ಮೂರು ನಾಲ್ಕನೇ ವಾರದಲ್ಲಿತ್ತು. ಬಂದಷ್ಟನ್ನೂ ನಲ್ಲಿ ನೀರಿನ ಕ್ಲೋರಿನ್ ತೊಳೆದುಹಾಕಿತು. ಅದರ ಮೇಲೆ ನೀಲಿ ಔಷಧ, ಅಂದರೆ ಮೆಥಿಲಿನ್ ಬ್ಲೂ. ಅದೂ ಈ ಬ್ಯಾಕ್ಟೀರಿಯಾಗಳಿಗೆ ಆಗಿಬರುವುದಿಲ್ಲ. ಮೊಟ್ಟೆಗೆ ಬರುವ ಬೂಷ್ಟಿಗೆ ಒಳ್ಳೇ ಔಷಧ ಅದು, ಆದರೆ ಬೇರೆ ಬಕೆಟ್ಟಿನಲ್ಲಿ ಇಟ್ಟು ಕೊಡಬೇಕು.

ಈಗ ಚುಕ್ಕೆ. ಇದಕ್ಕೆ ಅಂಗಡಿಗಳಲ್ಲಿ ವೈಟ್ ಸ್ಪಾಟ್ ಅಂತಾರೆ, ಸಾಕುವವರು ಇಕ್ ಅಂತಾರೆ. ಬರಿಗಣ್ಣಿಗೆ ಕಾಣುವ ಒಂದೊಂದು ಚುಕ್ಕೆಯೂ ಚರ್ಮದ ಒಳಗೆ ಕೂತು ತಿನ್ನುತ್ತಿರುವ ಒಂದೊಂದು ಜೀವಿ. ಅಲ್ಲಿರುವಾಗ ಯಾವ ಔಷಧವೂ ಅದಕ್ಕೆ ತಾಗುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿ ಕಲ್ಲಿಗೆ ಅಂಟಿಕೊಂಡು ನೂರಾರು ಮರಿಯಾಗಿ ಒಡೆಯುತ್ತದೆ. ಆ ಮರಿಗಳು ಮೀನು ಹುಡುಕಿಕೊಂಡು ಈಜುವಾಗ ಮಾತ್ರ ಸಾಯಿಸಬಹುದು. ಅದಕ್ಕೇ ಮೂರನೇ ದಿನ ಚುಕ್ಕೆ ಮಾಯವಾಗಿ ಎಲ್ಲರೂ "ಔಷಧ ಕೆಲಸ ಮಾಡ್ತು" ಅಂತ ನಿಲ್ಲಿಸುತ್ತಾರೆ, ಮುಂದಿನ ವಾರ ಮೂರರಷ್ಟು ಚುಕ್ಕೆ ಬರುತ್ತದೆ. ವಾಸಿಯಾದದ್ದಲ್ಲ ಅದು, ಉದುರಿದ್ದು ಅಷ್ಟೇ.

ಜನವರಿಯಲ್ಲಿ ನಿಮ್ಮೂರಲ್ಲಿ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ. ಚಳಿಗೆ ಮೀನು ಸೋಲುತ್ತದೆ, ಹೊಸ ಗಪ್ಪಿ ಜೊತೆ ಇಕ್ ಬಂದಿರುತ್ತದೆ, ಸಾಕಲ್ವಾ? ನಾನು ಮಾಡುವುದು ಇಷ್ಟು. 50 ವ್ಯಾಟಿನ ಹೀಟರ್ ಹಾಕಿ ನಿಧಾನವಾಗಿ, ದಿನಕ್ಕೆ ಎರಡು ಡಿಗ್ರಿಯ ಹಾಗೆ, 28ಕ್ಕೆ ತನ್ನಿ. 25 ಡಿಗ್ರಿಯಲ್ಲಿ ಇದರ ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ವಾರ, ಬಿಸಿ ಜಾಸ್ತಿಯಾದಷ್ಟೂ ಸುತ್ತು ಬೇಗ ಮುಗಿಯುತ್ತದೆ, ನಮಗೆ ಬೇಕಾದದ್ದೂ ಅದೇ. ಬರೀ ಗಪ್ಪಿ ಇದ್ದರೆ 30 ಅಂತಿದ್ದೆ, ಗೋಲ್ಡ್ ಫಿಶ್ ತಣ್ಣೀರಿನ ಮೀನು, ಅಷ್ಟು ಬೇಡ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಹಾಗಾಗಿ ಏರ್ ಪಂಪ್ ಹಗಲು ರಾತ್ರಿ ಓಡಲಿ.

ಜೊತೆಗೆ ಕಲ್ಲುಪ್ಪು. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ ನಿಮ್ಮ ಟ್ಯಾಂಕಿಗೆ 100 ಗ್ರಾಂ. ಒಂದೇ ಸಲ ಸುರಿಯಬೇಡಿ. ಮೂರು ಪಾಲು ಮಾಡಿ, ಒಂದು ಮಗ್ ನೀರಿನಲ್ಲಿ ಕರಗಿಸಿ, ಹನ್ನೆರಡು ಗಂಟೆಗೊಂದು ಪಾಲು. ಸಕ್ಕರಿಗೆ ಉಪ್ಪು ಅಷ್ಟು ಹಿಡಿಸುವುದಿಲ್ಲ, ಒಂದು ಪಾಲು ಹಾಕಿ ಅದರ ಮೇಲೆ ಕಣ್ಣಿಟ್ಟು ಮುಂದಿನದು ಹಾಕಿ. ನೀರು ಆವಿಯಾದರೆ ಉಪ್ಪು ಆವಿಯಾಗಲ್ಲ, ನೆನಪಿರಲಿ. ತೆಗೆದು ಹಾಕಿದ ನೀರಿಗೆ ಮಾತ್ರ ಹೊಸ ಉಪ್ಪು. ನಿಜವಾದ ಗಿಡ ಇದ್ದರೆ ಕೆಲವು ಸೊರಗಬಹುದು.

ನೀರು ದಿನ ಬಿಟ್ಟು ದಿನ ಕಾಲುಭಾಗ ಬದಲಿಸಿ, ಪೈಪಿನಿಂದ ಕಲ್ಲಿನ ಸಂದಿಯನ್ನೇ ಎಳೆಯಿರಿ, ಉದುರಿದ ಚುಕ್ಕೆಗಳು ಇರುವುದು ಅಲ್ಲೇ. ಹೊಸ ನೀರು ಒಂದು ದಿನ ಮೊದಲೇ ಬಕೆಟ್ಟಿನಲ್ಲಿ ಗಾಳಿ ಬಿಟ್ಟು ಇಟ್ಟಿರಬೇಕು, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಬೇಕು. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಅದ್ದಿ ಹಿಂಡಿ, ಸಾಕು. ಅದರ ಕಂದು ಬಣ್ಣ ಕೊಳೆ ಅಂತ ಅಂದುಕೊಳ್ಳಬೇಡಿ. ಕೊನೇ ಚುಕ್ಕೆ ಹೋದ ದಿನದಿಂದ ಇನ್ನೂ ಒಂದು ವಾರ ಇದೆಲ್ಲ ಮುಂದುವರಿಸಿ. ನಾಲ್ಕು ದಿನಕ್ಕೂ ಚುಕ್ಕೆ ಹೆಚ್ಚುತ್ತಲೇ ಇದ್ದರೆ ಆಗ ಇಕ್‌ಗೆ ಅಂತಲೇ ಸಿಗುವ ಮ್ಯಾಲಕೈಟ್ ಗ್ರೀನ್ ಇರುವ ಔಷಧ, ಬಾಟಲಿ ಮೇಲೆ ಬರೆದಷ್ಟೇ, ಬರಿಗೈ ಮುಟ್ಟದೆ, ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದು. ಎರಡು ಔಷಧ ಬೆರೆಸಬೇಡಿ.

ಮತ್ತೊಂದು, ಅಮೋನಿಯಾ ನೋಡುವ ಹನಿ ಕಿಟ್ ತನ್ನಿ. ಔಷಧಕ್ಕೆ ಹಾಕುವ ದುಡ್ಡನ್ನು ಮೊದಲು ಅದಕ್ಕೆ ಹಾಕಿ.

ಪುತ್ತೂರಿನಿಂದ:

ಮೈಸೂರಿನವರು ಹೇಳಿದ್ದು ಸರಿ. ಇಕ್ ಅನ್ನು ನಾನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಅತ್ತಿಗೆಯ ತಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದಾಗ ತೋರಿಸಿದ್ದ. ದುಂಡಗೆ, ಮೈ ತುಂಬ ಸಣ್ಣ ಕೂದಲು, ನಿಧಾನಕ್ಕೆ ಉರುಳುತ್ತಾ ಇರುತ್ತದೆ. ನಡುವೆ ಕುದುರೆ ಲಾಳದ ಹಾಗೆ ಒಂದು ಗುರುತು. ಒಮ್ಮೆ ನೋಡಿದರೆ ಮರೆಯುವುದಿಲ್ಲ ಮಾರಾಯ್ರೆ.

ನಮ್ಮ ಕಡೆಯ ಕಥೆ ಬೇರೆ. ಇಲ್ಲಿ ಮುರಕಲ್ಲಿನ ಬಾವಿ ನೀರು, ತುಂಬ ಮೆದು, ಹುಳಿ ಕಡೆಗೇ ಇರುತ್ತದೆ. ಕ್ಲೋರಿನ್ ಇಲ್ಲ ಅಂತ ನಾವು ಖುಷಿಯಲ್ಲಿರುತ್ತೇವೆ. ನನ್ನ ಮಾಲಿ ಮೀನುಗಳು ನಿಂತಲ್ಲೇ ನಿಂತು ಚಳಿ ಬಂದವರ ಹಾಗೆ ನಡುಗುತ್ತಿದ್ದವು. ಚುಕ್ಕೆ ಇಲ್ಲ, ಗಾಯ ಇಲ್ಲ. ಎರಡು ತಿಂಗಳು ಏನೇನೋ ಹಾಕಿದೆ. ಕೊನೆಗೆ ಗೊತ್ತಾದದ್ದು, ಮಾಲಿಗೆ ಗಡಸು ನೀರು ಬೇಕು ಅಂತ. ಮೀನಿನ ಸಾರಿಗೆ ತಂದ ಮರುವಾಯಿಯ ಚಿಪ್ಪನ್ನು ಚೆನ್ನಾಗಿ ಕುದಿಸಿ ತೊಳೆದು ಒಂದು ಹಿಡಿ ಫಿಲ್ಟರಿಗೆ ಹಾಕಿದೆ. ಮೂರು ವಾರದಲ್ಲಿ ನಡುಕ ನಿಂತಿತು. ಬೆಂಗಳೂರಿನ ಬೋರ್ ನೀರಿಗೆ ಇದು ಬೇಕಾಗುವುದಿಲ್ಲ, ಅದು ಮೊದಲೇ ಗಡಸು. ಕರಾವಳಿ, ಮಲೆನಾಡಿನವರು ಯಾರಾದರೂ ಓದುತ್ತಿದ್ದರೆ ಅವರಿಗೆ ಹೇಳಿದೆ.

ದಾವಣಗೆರೆಯಿಂದ:

ನಾನು ಒಂದೇ ಮಾತು ಹೇಳಬೇಕು. ಸೊಳ್ಳೆ ಔಷಧ! ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ ಹೊಡೀಬೇಡಿ. ಸೊಳ್ಳೆ, ಜಿರಳೆ ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ನಮಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ ಅನ್ನುವುದು ನಮಗೆ ಹೊಳೆಯಲೇ ಇಲ್ಲ. ನಮ್ಮ ಯಜಮಾನರು ದೀಪಾವಳಿ ಸ್ವಚ್ಛತೆ ಅಂತ ಟ್ಯಾಂಕಿನ ಹಿಂದೆ ಜಿರಳೆಗೆ ಹೊಡೆದರು. ಬೆಳಗಾಗುವಷ್ಟರಲ್ಲಿ ನಾಲ್ಕು ಏಂಜಲ್ ತಲೆಕೆಳಗಾಗಿದ್ದವು. ಇವತ್ತಿಗೂ ಆ ವಿಷಯ ಎತ್ತಿದರೆ ಎದ್ದು ಹೊರಗೆ ಹೋಗುತ್ತಾರೆ.

ಕಲಬುರಗಿಯಿಂದ:

ಬಿಸಿ ಮಾಡೋದು ಎಲ್ಲ ಕಾಯಿಲೆಗೂ ಅಲ್ಲ ಅಂತ ಯಾರೂ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬಾಯಿ ಸುತ್ತ ಹತ್ತಿ ಅಂಟಿದ ಹಾಗೆ ಬಿಳಿ ಕಂಡರೆ, ಬೆನ್ನ ಮೇಲೆ ಜೀನು ಹಾಕಿದ ಹಾಗೆ ಮಾಸಲು ಪಟ್ಟಿ ಕಂಡರೆ ಅದು ಇಕ್ ಅಲ್ಲ. ಬೂಷ್ಟು ಅಂತ ಕಾಣುತ್ತದೆ, ಬಹಳ ಸಲ ಅದು ಬ್ಯಾಕ್ಟೀರಿಯಾ, ಹೆಸರು ಕಾಲಮ್ನಾರಿಸ್. ಬಿಸಿ ಹೆಚ್ಚಿಸಿದರೆ ಅದಕ್ಕೆ ಹಬ್ಬ. ನಾನು ಗೊತ್ತಿಲ್ಲದೆ ಹೀಟರ್ 30ಕ್ಕೆ ಏರಿಸಿ ರಾತ್ರಿ ಮಲಗಿದೆ, ಬೆಳಿಗ್ಗೆ ಏಳರಲ್ಲಿ ಎರಡು ಉಳಿದಿದ್ದವು. ಇದಕ್ಕೆ ಬೇರೆ ಇಟ್ಟು, ನೀರು ತಂಪಾಗಿ ಶುದ್ಧವಾಗಿ ಇಟ್ಟು, ಮೀನಿಗೆ ಅಂತಲೇ ಇರುವ ಆಂಟಿಬಯೋಟಿಕ್ ಬೇಕಾಗುತ್ತದೆ, ಅದನ್ನೂ ಪಶುವೈದ್ಯರನ್ನು ಕೇಳಿ ಹಾಕುವುದು ಮೇಲು. ಮನೆಯಲ್ಲಿ ಉಳಿದ ಮನುಷ್ಯರ ಟೆಟ್ರಾಸೈಕ್ಲಿನ್ ಗುಳಿಗೆ ಒಡೆದು ಸುರಿಯೋ ಚಾಳಿ ನಮ್ಮಲ್ಲಿ ಜಾಸ್ತಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಫಿಲ್ಟರ್ ಹಾಳಾಗುತ್ತದೆ, ಮುಂದೆ ಆ ಔಷಧ ನಾಟದ ಹಾಗೂ ಆಗುತ್ತದೆ.

ಬೇಸಿಗೆಗೆ ನಮ್ಮ ಕಡೆ ಟ್ಯಾಂಕ್ ನೀರು 33 ಮುಟ್ಟುತ್ತದೆ. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ನೀರಿನ ಮೇಲೆ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದರೆ? ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿಯೋದು. ನಮ್ಮವ್ವ ಮಧ್ಯಾಹ್ನ ಜಪ ಮಾಡುತ್ತಾ ಕೂತು ಇದನ್ನೂ ಮಾಡುತ್ತಾರೆ.

ಮತ್ತೆ ಬೆಂಗಳೂರಿನಿಂದ, ಹದಿಮೂರನೇ ದಿನ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೀಟರ್, ಉಪ್ಪು, ನೀರು ಬದಲಿಸೋದು, ಎಲ್ಲ ಮಾಡಿದೆ. ನಾಲ್ಕನೇ ದಿನ ಚುಕ್ಕೆ ಪೂರ್ತಿ ಹೋಯಿತು, ಆರನೇ ದಿನ ಮತ್ತೆ ಬಂತು, ನೀವು ಹೇಳಿದ ಹಾಗೇ. ಇನ್ನೊಂದು ಗಪ್ಪಿ ಹೋಯಿತು. ಒಂಬತ್ತನೇ ದಿನದಿಂದ ಒಂದೂ ಚುಕ್ಕೆ ಇಲ್ಲ. ಮಗಳು ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕುತ್ತಿದ್ದಾಳೆ. ಸಕ್ಕರನ್ನು ದೊಡ್ಡ ಟ್ಯಾಂಕ್ ಇರುವ ಸಹೋದ್ಯೋಗಿಗೆ ಕೊಟ್ಟೆ, ಅವರಲ್ಲಿ ಇಕ್ ಬರದ ಹಾಗೆ ಬೇರೆ ಟಬ್ಬಿನಲ್ಲಿ ಇಟ್ಟುಕೊಂಡಿದ್ದಾರೆ. ಈಗ ಒಂದು ಗೋಲ್ಡ್ ಫಿಶ್ ಊಟವಾದ ಮೇಲೆ ಬಾಲ ಮೇಲೆ ಮಾಡಿ ತೇಲುತ್ತದೆ, ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ಇದೇನು? ಮತ್ತೆ ಕಿಟ್ ತಂದೆ, ನೀರು ಹಳದಿ ತೋರಿಸುತ್ತಿದೆ. ಹಳದಿ ಅಂದರೆ ಅಮೋನಿಯಾ ಸೊನ್ನೆ ಅಲ್ವಾ?

ಮೈಸೂರಿನಿಂದ:

ತೇಲುವುದಕ್ಕೆ ಹೆದರಬೇಡಿ. ಗೋಲ್ಡ್ ಫಿಶ್‌ಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಒಣ ಗುಳಿಗೆ ಒಳಗೆ ಹೋಗಿ ಊದಿದರೆ ಹೀಗಾಗುತ್ತದೆ. ಎರಡು ದಿನ ಉಪವಾಸ, ಆಮೇಲೆ ಬೇಯಿಸಿದ ಹಸಿ ಬಟಾಣಿ, ಸಿಪ್ಪೆ ಸುಲಿದು, ಕಾಲು ಕಾಳು. ಮುಂದೆ ಗುಳಿಗೆಯನ್ನು ಹತ್ತು ನಿಮಿಷ ನೆನೆಸಿ ಹಾಕಿ. ಹೊಟ್ಟೆ ಉಬ್ಬಿ ಹುರುಪೆಗಳು ಎದ್ದು ನಿಂತಿದ್ದರೆ ಮಾತ್ರ ಬೇರೆ ಮಾತು. ಅದು ಡ್ರಾಪ್ಸಿ, ಒಳಗೆ ಮೂತ್ರಪಿಂಡ ಸೋತಿರುತ್ತದೆ. ನನ್ನ ಕೈಯಲ್ಲಿ ಇಷ್ಟು ವರ್ಷದಲ್ಲಿ ಬದುಕಿದ್ದು ಒಂದೇ ಒಂದು. ನಿಮ್ಮದು ಅದಲ್ಲ ಅನ್ನಿಸುತ್ತದೆ, ಮೇಲಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಿ.

ಸತ್ತ ಗಪ್ಪಿಗಳ ಬದಲಿಗೆ ಈಗಲೇ ಹೊಸದು ತರಬೇಡಿ. ಈ ಟ್ಯಾಂಕಿಗೆ 4 ಗೋಲ್ಡ್ ಫಿಶ್ಶೇ ಜಾಸ್ತಿ, ಎರಡಕ್ಕೆ ಯಾರಾದರೂ ಮನೆ ಹುಡುಕಿ. ಮುಂದೆ ಯಾವತ್ತು ತಂದರೂ ಮೂರು ವಾರ ಬೇರೆ ಟಬ್, ಬೇರೆ ಬಲೆ, ಕವರಿನ ನೀರು ಟ್ಯಾಂಕಿಗೆ ಬೀಳಬಾರದು. ಕೈಯಲ್ಲಿ ಗಾಯ ಇದ್ದಾಗ ಮಗಳು ಟ್ಯಾಂಕಿಗೆ ಕೈ ಹಾಕದ ಹಾಗೆ ನೋಡಿಕೊಳ್ಳಿ, ಮೀನಿನ ನೀರಿನಿಂದ ಚರ್ಮಕ್ಕೆ ಬರುವ ಒಂದು ಸೋಂಕು ತಿಂಗಳುಗಟ್ಟಲೆ ಕಾಡುತ್ತದೆ.

ಹೌದು, ಸಾಮಾನ್ಯವಾಗಿ ಹನಿ ಕಿಟ್ಟಿನಲ್ಲಿ ಹಳದಿ ಅಂದರೆ ಸೊನ್ನೆ, ಹಸಿರಾದಷ್ಟೂ ಅಮೋನಿಯಾ ಜಾಸ್ತಿ. ಕಿಟ್ ಜೊತೆ ಬಂದ ಬಣ್ಣದ ಪಟ್ಟಿಗೆ ಹಿಡಿದು ನೋಡಿ. ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ. ನಮ್ಮನೆ ಬಲ್ಬ್ ಕೆಳಗೆ ತಿಳಿ ಹಸಿರೂ ನನಗೆ ಹಳದಿಯಾಗೇ ಕಂಡಿತ್ತು.