ಹಳೇ ಆ್ಯಕ್ಷನ್ ಮೇಲೆ ಬೇಟೆ ರೈಫಲ್: ಮೌಸರ್, ಸ್ಪ್ರಿಂಗ್‌ಫೀಲ್ಡ್, ಎಂ1917ರಲ್ಲಿ ಯಾವುದು?

ಪೀಣ್ಯ_ಸಿಎನ್‌ಸಿ

ನಮ್ಮ ಭಾವ ಅಮೆರಿಕದ ಮೊಂಟಾನಾದಲ್ಲಿದ್ದಾರೆ. ವರ್ಷಕ್ಕೊಮ್ಮೆ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆ. ಅಲ್ಲಿ ಅದು ಕಾನೂನು ಪ್ರಕಾರವೇ, ದಯವಿಟ್ಟು ಜಗಳಕ್ಕೆ ಬರಬೇಡಿ. ಈ ಸಲ ಹೊಸ ಹುಚ್ಚು ಹಿಡಿದಿದೆ. ಹಳೇ ಮಿಲಿಟರಿ ರೈಫಲ್‌ನ ಆ್ಯಕ್ಷನ್, ಅಂದರೆ ಬೋಲ್ಟು, ಅದು ಕೂರುವ ರಿಸೀವರ್, ಮ್ಯಾಗಜೀನ್ ಇಷ್ಟನ್ನು ಉಳಿಸಿಕೊಂಡು ಹೊಸ ಬ್ಯಾರಲ್, ವಾಲ್‌ನಟ್ ಮರದ ಸ್ಟಾಕ್ ಹಾಕಿಸಬೇಕಂತೆ.

ಅಲ್ಲಿನ ಅಂಗಡಿಯಲ್ಲಿ ಮೂರು ಇವೆ. ಬ್ಯಾರಲ್ ಇಲ್ಲದ ಒಂದು ಚೆಕ್ ಮೌಸರ್, ವಿಜಡ್-24. ಯಾರೋ ಆಗಲೇ ಬೇಟೆ ರೈಫಲ್ ಮಾಡಿಟ್ಟಿರುವ ಸ್ಪ್ರಿಂಗ್‌ಫೀಲ್ಡ್ 1903. ಇನ್ನೊಂದು ಎಡ್ಡಿಸ್ಟೋನ್ ಕಾರ್ಖಾನೆಯ ಎಂ1917. ಸ್ಪ್ರಿಂಗ್‌ಫೀಲ್ಡ್ ನೋಡಲು ಚೆಂದ, ರೇಟೂ ಕಮ್ಮಿ. ಭಾವ ಅದಕ್ಕೇ ಮನಸ್ಸು ಮಾಡಿದ್ದಾರೆ. ನನ್ನನ್ನು ಕೇಳಿದ್ದು ನಾನು ಪೀಣ್ಯದಲ್ಲಿ ಮಷಿನ್ ನಡೆಸುತ್ತೇನೆ ಎಂಬ ಒಂದೇ ಕಾರಣಕ್ಕೆ. ನಾನು ಕೋವಿ ಮುಟ್ಟಿದ್ದು ಎನ್‌ಸಿಸಿಯಲ್ಲಿ, ಅದೂ .22. ಗೊತ್ತಿರುವವರು ಹೇಳಿ.

ಜಾಲಹಳ್ಳಿ_ಟೂಲ್‌ರೂಮ್

ನೋಡಪ್ಪ, ಮೊದಲು ಆ ಸ್ಪ್ರಿಂಗ್‌ಫೀಲ್ಡ್‌ನ ನಂಬರ್ ಓದಲು ಹೇಳು. ರಿಸೀವರ್ ಮೇಲೆ ಕೊರೆದಿರುತ್ತದೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯದಾದರೆ 8,00,000ಕ್ಕಿಂತ ಕಮ್ಮಿ, ರಾಕ್ ಐಲ್ಯಾಂಡ್ ಕಾರ್ಖಾನೆಯದಾದರೆ 2,85,507ಕ್ಕಿಂತ ಕಮ್ಮಿ ಇದ್ದರೆ ಕೈ ಮುಗಿದು ಅಲ್ಲೇ ಇಡಲಿ.

ಯಾಕೆ ಅಂತ ಹೇಳುತ್ತೇನೆ. ಆಗ ಅಲ್ಲಿ ಕುಲುಮೆಯ ಕೆಲಸಗಾರರು ಕಬ್ಬಿಣದ ಬಣ್ಣ ನೋಡಿ ಕಾವು ಅಂದಾಜು ಮಾಡುತ್ತಿದ್ದರು. ಮೋಡದ ದಿನ ಸರಿ ಹೋಗುತ್ತಿತ್ತು. ಬಿಸಿಲು ಜೋರಿದ್ದ ದಿನ ಅದೇ ಕಬ್ಬಿಣ ಮಂಕಾಗಿ ಕಾಣುತ್ತದೆ, ಇನ್ನೂ ಸ್ವಲ್ಪ ಕಾಯಲಿ ಅಂತ ಬಿಡುತ್ತಾರೆ. ಸ್ಟೀಲು ಸುಟ್ಟು ಹೋಗುತ್ತದೆ. ಮೇಲೆ ಏನೂ ಕಾಣುವುದಿಲ್ಲ, ಒಳಗೆ ಗಾಜು. 1917ರಲ್ಲಿ ಕೆಲವು ರಿಸೀವರ್‌ಗಳು ಗುಂಡು ಹಾರಿಸುವಾಗಲೇ ಒಡೆದವು. ಆಮೇಲೆ ಕಾವು ಅಳೆಯುವ ಪೈರೋಮೀಟರ್ ಹಿಡಿದು ನೋಡಿದರು, ಹದ ಕೊಡುವ ವಿಧಾನವನ್ನೇ ಬದಲಾಯಿಸಿದರು.

ನನಗೆ ಇದು ಪುಸ್ತಕದ ಮಾತಲ್ಲ. 80ರ ದಶಕದಲ್ಲಿ ನಾನಿದ್ದ ಸಣ್ಣ ಶೆಡ್‌ನಲ್ಲೂ ಕಣ್ಣಳತೆಯ ಹದವೇ. ಏಪ್ರಿಲ್ ಮಧ್ಯಾಹ್ನ, ಕುಲುಮೆ ಪಕ್ಕದ ಶಟರ್ ತೆಗೆದಿತ್ತು. ಹದಿನೈದು ದಿನ ಕೂತು ಮಾಡಿದ ಡೈ ಎಣ್ಣೆಗೆ ಬಿಟ್ಟ ತಕ್ಷಣ 'ಟಿಣ್' ಅಂತ ಸೀಳಿತು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ನನ್ನದು ಡೈ. ನಿಮ್ಮ ಭಾವನದು ಕಣ್ಣ ಮುಂದೆ ನಾಲ್ಕು ಬೆರಳು ದೂರ ಇರುವ ವಸ್ತು.

ಎಂ1917 ಗಟ್ಟಿ, ನಿಕಲ್ ಸ್ಟೀಲು, ದೊಡ್ಡ ಗುಂಡಿಗೆ ಹೇಳಿ ಮಾಡಿಸಿದ್ದು. ಆದರೆ ಎಡ್ಡಿಸ್ಟೋನ್‌ನಲ್ಲಿ ಬ್ಯಾರಲ್‌ಗಳನ್ನು ವಿಪರೀತ ಬಿಗಿದಿದ್ದರು. ಬಿಚ್ಚುವಾಗ ರಿಸೀವರ್ ಬಿರುಕು ಬಿಟ್ಟ ಕತೆ ಬೇಕಾದಷ್ಟಿದೆ. ಬ್ಯಾರಲ್‌ಗೆ ಲೇತ್‌ನಲ್ಲಿ ರಿಸೀವರ್ ಮುಂದೆಯೇ ಒಂದು ಕಟ್ ಕೊಟ್ಟು, ಬಿಗಿ ಸಡಿಲಿಸಿ ಬಿಚ್ಚಬೇಕು. ಹಿಂದಿನ ಸೈಟ್‌ನ ಎರಡು ಕಿವಿಗಳನ್ನೂ ಮಿಲ್ ಮಾಡಿ ತೆಗೆಯಬೇಕು. ಜಿಂಕೆಗೆ ಇಷ್ಟೆಲ್ಲಾ ಯಾಕೆ?

ನಾನಾದರೆ ಮೌಸರ್. ವಿಜಡ್-24 ಮೌಸರ್ 98ರ ಮಾದರಿಯದೇ. ಅದರ ಬೋಲ್ಟ್‌ಗೆ ಮುಂದೆ ಎರಡು ಲಗ್, ಅಂದರೆ ರಿಸೀವರ್‌ನಲ್ಲಿ ಸಿಕ್ಕಿ ಬೋಲ್ಟನ್ನು ಹಿಡಿದಿಡುವ ಉಬ್ಬು, ಹಿಂದೆ ಕಾಪಾಡಲು ಮೂರನೆಯದು. ಗುಂಡಿನ ಹಿತ್ತಾಳೆ ಕೇಸ್ ಹರಿದರೆ ಗ್ಯಾಸ್ ಹೊರಹೋಗಲು ಬೋಲ್ಟ್‌ನಲ್ಲಿ ತೂತುಗಳಿವೆ. ಖಾಲಿ ಕೇಸ್ ಎಳೆದು ತೆಗೆಯುವ ಅಗಲವಾದ ಕೊಕ್ಕೆ, ಎಕ್ಸ್‌ಟ್ರಾಕ್ಟರ್, ಕಾರ್ಟ್ರಿಜ್ ಮ್ಯಾಗಜೀನ್‌ನಿಂದ ಮೇಲೆ ಬಂದ ಕೂಡಲೇ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಆದರೆ ಮೌಸರ್ ಕೂಡ ಕೇಸ್ ಹಾರ್ಡನಿಂಗ್ ಮಾಡಿದ ಮೆತ್ತನೆ ಸ್ಟೀಲು, ಮೇಲ್ಪದರ ಮಾತ್ರ ಗಟ್ಟಿ. ಹೊಳಪು ಬರಲಿ ಅಂತ ಯಾರಾದರೂ ಲಗ್ ಉಜ್ಜಿದ್ದರೆ ಆ ಪದರ ಹೋಗಿರುತ್ತದೆ. ಆಮೇಲೆ ಲಗ್ ರಿಸೀವರ್ ಒಳಗೆ ಗುಳಿ ಬೀಳಿಸುತ್ತದೆ. ಬೋಲ್ಟ್ ಮುಚ್ಚಿ ಹಿಡಿಯನ್ನು ಮೆಲ್ಲಗೆ ಎತ್ತಿ ನೋಡಲಿ. ಎಲ್ಲೋ ತಡೆದಂತೆ ಆದರೆ ಬೇಡ.

ಖರ್ಚು ಮಾತ್ರ ಮೊದಲೇ ಹೇಳಿಬಿಡು. ವಿಜಡ್-24ರ ಬೋಲ್ಟ್ ಹಿಡಿ ನೇರ, ಸ್ಕೋಪ್‌ಗೆ ತಾಗುತ್ತದೆ, ಬಗ್ಗಿಸಬೇಕು. ಸೇಫ್ಟಿ, ಟ್ರಿಗರ್ ಬದಲಿಸಬೇಕು. ಸ್ಕೋಪ್ ಕೂರಿಸಲು ಡ್ರಿಲ್, ಟ್ಯಾಪ್. ಎಲ್ಲ ಸೇರಿ ಹೊಸ ರೈಫಲ್ ಬೆಲೆ ದಾಟುತ್ತದೆ. ಇದು ಉಳಿತಾಯದ ದಾರಿಯಲ್ಲ, ಶೋಕಿ.

ಮಲ್ಲೇಶ್ವರಂ_ಮಾಮ

.303 ಲೀ ಎನ್‌ಫೀಲ್ಡ್ ಯಾಕೆ ಬೇಡ? ನಮ್ಮದೇ ಇಶಾಪುರದಲ್ಲಿ ತಯಾರಾದದ್ದು!

ಜಾಲಹಳ್ಳಿ_ಟೂಲ್‌ರೂಮ್

ಬೇಡ ಅನ್ನಲಿಲ್ಲ ಸ್ವಾಮಿ. ಅದರ ಲಗ್‌ಗಳು ಬೋಲ್ಟ್ ಹಿಂಭಾಗದಲ್ಲಿವೆ, ಸ್ಟಾಕ್ ಎರಡು ತುಂಡು. .303ಗೆ ಸರಿ. ಇವರಿಗೆ ಬೇಕಾಗಿರುವುದು ಒಂದೇ ತುಂಡು ವಾಲ್‌ನಟ್.

ವಿರಾಜಪೇಟೆಯವ

ಕೆಲಸ ಬೆಂಗಳೂರಲ್ಲಿ, ಮನೆ ಕೊಡಗಲ್ಲಿ. ಕೈಲ್‌ಪೋದ್ ಹಬ್ಬದ ದಿನ ತೋಕಿಗೆ, ಅಂದರೆ ಕೋವಿಗೆ, ಹೂ ಸಿಗಿಸಿ ಪೂಜೆ ಮಾಡುವ ಜನ ನಾವು, ಹಾಗಾಗಿ ಎರಡು ಮಾತು.

ಒಂದು, ಇದನ್ನು ಓದಿ ಇಲ್ಲಿ ಯಾರೂ ಅಜ್ಜನ ಕೋವಿಯನ್ನು ಲೇತ್ ಅಂಗಡಿಗೆ ಒಯ್ಯಬೇಡಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ಮುಗಿದ ಕತೆ. 1959ರ ಆಯುಧ ಕಾಯಿದೆ ಪ್ರಕಾರ ರಿಪೇರಿ, ಬದಲಾವಣೆಗೂ ಲೈಸೆನ್ಸ್ ಇರುವವರೇ ಬೇಕು.

ಇನ್ನೊಂದು, ಭಾವನಿಗೆ 7x57 ಗುಂಡಿನ ಬ್ಯಾರಲ್ ಹಾಕಿಸಲು ಹೇಳಿ. ಇಂಗ್ಲಿಷರು .275 ರಿಗ್ಬಿ ಅಂತ ಕರೆದದ್ದು ಇದನ್ನೇ. ಭುಜಕ್ಕೆ ಹಿತ, ಜಿಂಕೆಗೆ ಧಾರಾಳ. ಮೌಸರ್ ಮ್ಯಾಗಜೀನ್ 82 ಮಿ.ಮೀ. ಉದ್ದದ 8x57ಗೆ ಮಾಡಿದ್ದು. 7x57 ಇರುವುದು 78, ಆರಾಮಾಗಿ ಕೂರುತ್ತದೆ. .30-06 ಅಂದರೆ ಸುಮಾರು 85, ಪೆಟ್ಟಿಗೆ ಕೆತ್ತುವ ಕೆಲಸ ಬರಬಹುದು. ಮೂರಕ್ಕೂ ಬುಡದ ಅಳತೆ ಒಂದೇ, ಬೋಲ್ಟ್ ಮುಖ ಮುಟ್ಟಬೇಕಿಲ್ಲ.

ಪೀಣ್ಯ_ಸಿಎನ್‌ಸಿ

ಸರ್, ಸ್ಪ್ರಿಂಗ್‌ಫೀಲ್ಡ್ ನಂಬರ್ ಏಳು ಲಕ್ಷದ ಚಿಲ್ಲರೆ! ಭಾವ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಮೌಸರ್ ತಂದರು. ಹಿಡಿ ಸಲೀಸಾಗಿ ಏಳುತ್ತದೆ. ಆದರೆ ಬೋಲ್ಟ್ ನಂಬರ್ ಬೇರೆ, ರಿಸೀವರ್ ನಂಬರ್ ಬೇರೆ. ಮೋಸ ಹೋದೆವಾ?

ಜಾಲಹಳ್ಳಿ_ಟೂಲ್‌ರೂಮ್

ಇಲ್ಲಪ್ಪ, ಒಳ್ಳೆಯದೇ ಆಯಿತು. ನಂಬರ್ ಹೊಂದಿದ್ದರೆ ಸಂಗ್ರಹಕಾರರ ವಸ್ತು, ಕೆಡಿಸಲು ಮನಸ್ಸು ಬರುತ್ತಿರಲಿಲ್ಲ. ಬ್ಯಾರಲ್ ಹೇಗೂ ಹೊಸದು. ಗನ್‌ಸ್ಮಿತ್ ಇದೇ ಬೋಲ್ಟ್ ಇಟ್ಟುಕೊಂಡು ಗುಂಡು ಕೂರುವ ಚೇಂಬರ್ ಅಳತೆ ಮಾಡುತ್ತಾನೆ, ಬೋಲ್ಟ್ ಮುಚ್ಚಬೇಕಾದ ಗೋ, ಮುಚ್ಚಬಾರದ ನೋ-ಗೋ ಗೇಜ್ ಹಾಕಿ ನೋಡುತ್ತಾನೆ. ಅದಕ್ಕೆ ಮೊದಲು ಲಗ್‌ಗಳಿಗೆ ತಾಗಿದ ಜಾಗ ತೋರಿಸುವ ನೀಲಿ ಬಣ್ಣ, ಮಾರ್ಕಿಂಗ್ ಬ್ಲೂ, ಹಚ್ಚಿ, ಎರಡೂ ಸಮನಾಗಿ ಕೂರುತ್ತವಾ ನೋಡಲಿ. ಅದು ನಿನಗೆ ಗೊತ್ತಿರುವ ಕೆಲಸವೇ ಅಲ್ವಾ.

ಪೀಣ್ಯ_ಸಿಎನ್‌ಸಿ

ವಿಡಿಯೊ ಕಾಲ್‌ನಲ್ಲಿ ಮಾಡಿಸಿದೆ ಸರ್. ಎಡಗಡೆ ಪೂರ್ತಿ, ಬಲಗಡೆ ಮುಕ್ಕಾಲು ಭಾಗ ಬ್ಲೂ ಅಂಟಿದೆ. ಗನ್‌ಸ್ಮಿತ್ ಸಾಕು ಅಂದರಂತೆ, ಉಜ್ಜುವುದು ಬೇಡ ಅಂದರಂತೆ. ಉಳಿದ ಬ್ಲೂ ಎಲ್ಲ ಅಕ್ಕನ ಅಡುಗೆಮನೆ ಟವೆಲ್‌ಗೆ ಹತ್ತಿದೆ. ಈಗ ನನಗೆ ಫೋನ್ ಬರುತ್ತಿರುವುದು ಅಕ್ಕನಿಂದ.