ರಿಪೋರ್ಟ್ ನಾರ್ಮಲ್ ಅಂದರೆ ಏನೂ ಇಲ್ಲ ಅಂತಲಾ?

ಶಂಕರ ಚಿಕ್ಕಪ್ಪ: (ಫಾರ್ವರ್ಡ್) ಐವತ್ತು ದಾಟಿದ ಮೇಲೆ ಮರೆವು ಸಹಜ, ಹೆದರಬೇಡಿ! ಹಾಳೆಯ ಮೇಲೆ ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳಿ. ಸರಿಯಾಗಿ ಬರೆದರೆ ಮೆದುಳು ಗಟ್ಟಿಯಾಗಿದೆ. ಎಂಆರ್‌ಐ ಕೂಡ ನಾರ್ಮಲ್ ಇದ್ದರೆ ಆಸ್ಪತ್ರೆಗೆ ಅಲೆಯಬೇಡಿ. ಎಲ್ಲರಿಗೂ ಕಳಿಸಿ.

ಶಂಕರ ಚಿಕ್ಕಪ್ಪ: ನೋಡಿದ್ರಾ? ಅಣ್ಣ ಗಡಿಯಾರ ಚೆನ್ನಾಗಿಯೇ ಬರೆದ. ಎಂಆರ್‌ಐನಲ್ಲೂ ಏನಿಲ್ಲ. ಟೆನ್ಶನ್ ಅಂತ ಡಾಕ್ಟರೇ ಹೇಳಿದ್ದಾರೆ. ಇನ್ನು ಅವನನ್ನು ಸುಮ್ನೆ ಬಿಡೋಣ.

ವೀಣಾ: ಚಿಕ್ಕಪ್ಪ, ಎರಡು ತಿಂಗಳ ಹಿಂದೆ ಅಪ್ಪ ಮನೆ ಲೆಕ್ಕ ಪೂರ್ತಿ ಬಾಯಲ್ಲೇ ಹೇಳುತ್ತಿದ್ದರು. ಈಗ ಬೆಳಗ್ಗೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಹೋದ ತಿಂಗಳು ನಾವೆಲ್ಲ ಸೇರಿದ್ದೆವು ಅಲ್ವಾ, ಅದು ಅವರಿಗೆ ನೆನಪೇ ಇಲ್ಲ. ಫೋಟೋ ತೋರಿಸಿದರೆ ‘ನಾನು ಬಂದಿದ್ದೆನಾ?’ ಅಂದರು. ಇದನ್ನು ವಯಸ್ಸಿನ ಮರೆವು ಅಂತ ಹೇಗೆ ಒಪ್ಪಿಕೊಳ್ಳಲಿ?

ಶಂಕರ ಚಿಕ್ಕಪ್ಪ: ಕನ್ನಡಕ ಎಲ್ಲಿಟ್ಟೆ ಅಂತ ನನಗೂ ಮರೆಯುತ್ತದೆ ವೀಣಾ. ನೀನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿದ್ದೀಯ. ನಿನ್ನ ಗಾಬರಿ ನೋಡಿ ಅವನಿಗೂ ಗಾಬರಿ.

ಸರೋಜತ್ತೆ: ಕನ್ನಡಕ ಎಲ್ಲಿಟ್ಟೆ ಅನ್ನುವುದು ಬೇರೆ. ಕನ್ನಡಕ ಹಾಕಿಕೊಂಡು ಎಲ್ಲಿಗೆ ಹೋಗಿದ್ದೆ ಅನ್ನುವುದೇ ಹೋಗುವುದು ಬೇರೆ ಶಂಕರ.

ಶರತ್: ಶಂಕರ ಮಾವ, ಗಡಿಯಾರದ ಪರೀಕ್ಷೆ ನಿಜವಾದದ್ದೇ. ಆಸ್ಪತ್ರೆಯಲ್ಲೂ ಮಾಡಿಸುತ್ತಾರೆ. ಆದರೆ ಅದು ದೊಡ್ಡ ಪರೀಕ್ಷೆಯ ಒಂದು ಚೂರು ಅಷ್ಟೇ. ಮೋಕಾ ಅಂತ 30 ಅಂಕದ ಒಂದು ಪರೀಕ್ಷೆ ಇದೆ. ಅದರಲ್ಲಿ ಗಡಿಯಾರಕ್ಕೆ 3 ಅಂಕ, ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ನೆನಪಿಸಿಕೊಳ್ಳುವುದಕ್ಕೆ 5 ಅಂಕ. ದೊಡ್ಡ ಮಾವನಿಗೆ ತೊಂದರೆ ಇರುವುದು ಆ ಐದು ಪದದ ಜಾಗದಲ್ಲಿ. ಗಡಿಯಾರ ಬರೆಸಿದರೆ ಅದು ಕಾಣುವುದಿಲ್ಲ.

ಶಂಕರ ಚಿಕ್ಕಪ್ಪ: ಎಂಆರ್‌ಐಗಿಂತ ದೊಡ್ಡದು ಏನಿದೆ? ಮೆದುಳಿನ ಫೋಟೋನೇ ಬಂತಲ್ಲ.

ಶರತ್: ಫೋಟೋದಲ್ಲಿ ಮೆದುಳಿನ ಆಕಾರ ಕಾಣುತ್ತದೆ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಮೆದುಳಿನಲ್ಲಿ ನೀರು ತುಂಬಿಕೊಂಡಿರುವುದು ಎಲ್ಲ ಕಾಣುತ್ತದೆ. ಅವು ಇಲ್ಲ ಅಂತ ಗೊತ್ತಾಯಿತು, ಅದು ಒಳ್ಳೆಯ ಸುದ್ದಿ. ಆದರೆ ವಿಟಮಿನ್ ಬಿ12 ಕಡಿಮೆ ಇದ್ದರೂ ಮರೆವು ಬರುತ್ತದೆ. ಥೈರಾಯ್ಡ್‌ನಿಂದ ಬರುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವುದರಿಂದ, ಖಿನ್ನತೆಯಿಂದ, ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳಿಂದಲೂ ಬರುತ್ತದೆ. ಇವುಗಳಲ್ಲಿ ಎಷ್ಟೋ ಎಂಆರ್‌ಐನಲ್ಲಿ ಕಾಣುವುದೇ ಇಲ್ಲ. ಆದರೆ ಅವುಗಳಿಗೆ ಚಿಕಿತ್ಸೆ ಇದೆ.

ವೀಣಾ: ಬಿ12, ಥೈರಾಯ್ಡ್ ಎರಡೂ ಆಗಿದೆ ಶರತ್, ಸರಿಯಿದೆ. ನನಗೆ ಜಾಸ್ತಿ ಭಯ ಆ ಕೈಯದ್ದು. ಎಡಗೈ ಒಮ್ಮೆ ಪಟ್ ಅಂತ ಎಳೆದುಕೊಳ್ಳುತ್ತದೆ, ಅದೇ ಕಡೆಯ ಮುಖವೂ ಸೊಟ್ಟಗಾಗುತ್ತದೆ. ಒಂದೆರಡು ಸೆಕೆಂಡ್ ಅಷ್ಟೇ. ದಿನಕ್ಕೆ ಎಷ್ಟೋ ಸಲ. ಲೋಟ ಕೈಜಾರುತ್ತದೆ.

ಶಂಕರ ಚಿಕ್ಕಪ್ಪ: ಅದು ನರದ ಸೆಳೆತ. ಅದಕ್ಕೂ ಮರೆವಿಗೂ ಏನು ಸಂಬಂಧ?

ಶರತ್: ವೀಣಕ್ಕ, ಇದನ್ನು ಡಾಕ್ಟರಿಗೆ ಹೇಳಿದ್ರಾ?

ವೀಣಾ: ಆವತ್ತು ಅಲ್ಲಿ ಕೂತಷ್ಟು ಹೊತ್ತೂ ಬರಲಿಲ್ಲ. ಮರೆವಿನ ಮಾತಿನಲ್ಲೇ ಸಮಯ ಮುಗಿಯಿತು. ಈಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಇಟ್ಟುಕೊಂಡಿದ್ದೇನೆ.

ಶರತ್: ಆ ವಿಡಿಯೋ ಅಳಿಸಬೇಡಿ. ನಾನು ದಿನಾ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆಯುವವನು, ಡಾಕ್ಟರ್ ಅಲ್ಲ. ಕಾಯಿಲೆ ಹೆಸರು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ವಾರಗಳಲ್ಲಿ ಏರಿದ ಮರೆವು, ಅದರ ಜೊತೆ ಒಂದೇ ಕಡೆಯ ಕೈ ಮತ್ತು ಮುಖ ಎಳೆಯುವುದು, ಈ ಜೋಡಿಯನ್ನು ನರರೋಗ ತಜ್ಞರು ಕೇಳಿದರೆ ನೆಟ್ಟಗೆ ಕೂರುತ್ತಾರೆ. ಇದು ಒಂದು ಬಗೆಯ ಫಿಟ್ಸ್ ಇರಬಹುದು. ಹಳೆಯ ರಿಪೋರ್ಟ್‌ನಲ್ಲಿ ಸೋಡಿಯಂ ಎಷ್ಟಿದೆ ನೋಡಿ.

ಅಮ್ಮ: 128 ಅಂತ ಇದೆ. ಪಕ್ಕದಲ್ಲಿ ಕಡಿಮೆ ಅಂತ ಗುರುತು ಹಾಕಿದ್ದಾರೆ.

ಶಂಕರ ಚಿಕ್ಕಪ್ಪ: ಉಪ್ಪು ಕಡಿಮೆ ತಿಂದಿರಬೇಕು ಅತ್ತಿಗೆ.

ಶರತ್: ಊಟದ ಉಪ್ಪಿನಿಂದ ಅಷ್ಟು ಇಳಿಯುವುದು ಅಪರೂಪ ಮಾವ. 135ರಿಂದ 145 ಇರಬೇಕಾದದ್ದು. ಕೆಲವು ಬಿಪಿ ಮಾತ್ರೆಯಿಂದಲೂ ಇಳಿಯುತ್ತದೆ, ಆದ್ದರಿಂದ ಅವರು ನುಂಗುವ ಎಲ್ಲ ಮಾತ್ರೆಯ ಪಟ್ಟಿ ಬೇಕು. ಮಾತ್ರೆ ಕಾರಣ ಅಲ್ಲದಿದ್ದರೆ ಇನ್ನೊಂದು ದಾರಿ ಇದೆ. ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಮೆದುಳಿನ ಮೇಲೆ ತಿರುಗುವ ಕಾಯಿಲೆಗಳಿವೆ. ಅದರಲ್ಲಿ ಎಲ್‌ಜಿಐ1 ಅನ್ನುವ ಪ್ರೋಟೀನಿನ ವಿರುದ್ಧ ಆಂಟಿಬಾಡಿ (ರೋಗಾಣುಗಳ ಜೊತೆ ಹೋರಾಡಲು ದೇಹ ತಯಾರಿಸುವ ವಸ್ತು) ಹುಟ್ಟುವುದು ಒಂದು. ಇದು ಗುರುತಿಗೆ ಬಂದದ್ದೇ 2010ರಲ್ಲಿ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುತ್ತದೆ. ಮರೆವು, ಹೀಗೆ ಕೈ ಎಳೆಯುವುದು, ಸೋಡಿಯಂ ಇಳಿಯುವುದು, ಮೂರೂ ಅದರಲ್ಲಿ ಕಾಣುತ್ತವೆ. ಮೊದಮೊದಲು ಎಂಆರ್‌ಐ ನಾರ್ಮಲ್ ಬರಬಹುದು. ಕೈ ಎಳೆಯುವ ಹೊತ್ತಿನಲ್ಲೇ ತೆಗೆದ ಇಇಜಿ ಕೂಡ ಎಷ್ಟೋ ಸಲ ನಾರ್ಮಲ್ ಬರುತ್ತದೆ.

ಶಂಕರ ಚಿಕ್ಕಪ್ಪ: ನೋಡು, ಈಗ ಇಲ್ಲದ ಹೆಸರೆಲ್ಲ ಬಂತು. ಅತ್ತಿಗೆ ಇವತ್ತು ರಾತ್ರಿ ನಿದ್ದೆ ಮಾಡುತ್ತಾರಾ?

ಅಮ್ಮ: ನಾನು ನಿದ್ದೆ ಮಾಡಿ ತುಂಬಾ ದಿನ ಆಯಿತು ಶಂಕರ. ಟೆನ್ಶನ್ ಅಂತ ಹೇಳಿ ಕಳಿಸಿದ ಮೇಲೆ ಜಾಸ್ತಿ ಕಷ್ಟ ಆಯಿತು. ಅದಕ್ಕೆ ಏನು ಮಾಡಬೇಕು ಅಂತಲೇ ಗೊತ್ತಿಲ್ಲ. ಹೆಸರು ಇದ್ದರೆ ಏನಾದರೂ ಮಾಡಬಹುದು.

ಸರೋಜತ್ತೆ: ಶರತ್, ನಿಜ ಹೇಳು. ಅದೇ ಆದರೆ ವಾಸಿ ಆಗುತ್ತದಾ?

ಶರತ್: ಬೇಗ ಸ್ಟೀರಾಯ್ಡ್‌ನಂಥ ಚಿಕಿತ್ಸೆ ಶುರುವಾದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ ಅಮ್ಮ. ತಡವಾದಷ್ಟೂ ಕಳೆದುಹೋದ ನೆನಪಿನ ಶಕ್ತಿ ಪೂರ್ತಿ ಮರಳುವುದು ಕಷ್ಟ. ಅದಕ್ಕೇ ನಾನು ಇಷ್ಟು ಒತ್ತಾಯ ಮಾಡುತ್ತಿರುವುದು. ಆದರೆ ಅದೇ ಅಂತ ಯಾರೂ ಮನಸ್ಸಿನಲ್ಲಿ ಅಂಟಿಸಿಕೊಳ್ಳಬೇಡಿ. ಬೇರೆಯೂ ಇರಬಹುದು. ರಕ್ತದಲ್ಲಿ, ಬೆನ್ನಿನಿಂದ ತೆಗೆದ ನೀರಿನಲ್ಲಿ ಆಂಟಿಬಾಡಿ ನೋಡಬೇಕಾ ಅಂತ ನರರೋಗ ತಜ್ಞರು ತೀರ್ಮಾನಿಸಲಿ. ನಾವು ಹೋಗಿ ಕೇಳೋಣ, ಅಷ್ಟೇ.

ಶಂಕರ ಚಿಕ್ಕಪ್ಪ: ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ ಅಂತಾರೆ. ನನ್ನ ಅಣ್ಣನಿಗೆ ಅದೆಲ್ಲ ಬೇಡ.

ಶರತ್: ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ ಮಾವ. ಆಮೇಲೆ ಕೆಲವರಿಗೆ ಒಂದೆರಡು ದಿನ ತಲೆನೋವು ಬರುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಬೇಕು.

ಅಪ್ಪ: ನಾನೂ ಈ ಗ್ರೂಪ್‌ನಲ್ಲಿ ಇದ್ದೇನೆ. ಎಲ್ಲ ಓದುತ್ತಿದ್ದೇನೆ.

ಅಪ್ಪ: ಶಂಕರ, ನಿನ್ನ ಪ್ರೀತಿ ನನಗೆ ಗೊತ್ತು. ಆದರೆ ನನಗೆ ಏನೋ ಆಗಿದೆ ಅನ್ನುವುದೂ ಗೊತ್ತು. ಕೈ ಎಳೆಯುವುದಲ್ಲದೆ ಇನ್ನೊಂದು ಇದೆ, ಯಾರಿಗೂ ಹೇಳಿರಲಿಲ್ಲ. ಆಗಾಗ ಸುಮ್ನೆ ಕೂತಿರುವಾಗ ಮೈಯೆಲ್ಲ ಜುಂ ಅಂತ ರೋಮ ನಿಲ್ಲುತ್ತದೆ. ಚಳಿ ಇಲ್ಲ, ಭಯ ಇಲ್ಲ. ಇದನ್ನೂ ಹೇಳಬೇಕಾ ಶರತ್?

ಶರತ್: ಖಂಡಿತ ಹೇಳಬೇಕು ದೊಡ್ಡ ಮಾವ. ಅದೂ ಒಂದು ಬಗೆಯ ಫಿಟ್ಸ್ ಇರಬಹುದು. ಯಾವ ಹೊತ್ತಿಗೆ ಬಂತು, ಎಷ್ಟು ಸೆಕೆಂಡ್ ಇತ್ತು, ಬಂದಾಗಲೇ ಬರೆದಿಡಿ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇದು ಏನು ಅಂತ ಗೊತ್ತಾಗುವವರೆಗೆ ಗಾಡಿ ಓಡಿಸಬೇಡಿ.

ಅಪ್ಪ: ಅದು ಕಷ್ಟ ಮಗಾ. ಆದರೂ ಸರಿ.

ವೀಣಾ: ನಾನು ತಾರೀಖಿನ ಪ್ರಕಾರ ಬರೆಯಲು ಕೂತಿದ್ದೇನೆ. ಮೊದಲ ಸಲ ಯಾವಾಗ ಮರೆತರು, ಕೈ ಯಾವಾಗ ಶುರುವಾಯಿತು, ಯಾವ ಮಾತ್ರೆ ಯಾವಾಗ ಬದಲಾಯಿತು. ಒಂದೇ ಪುಟದಲ್ಲಿ ಮುಗಿಸುತ್ತೇನೆ. ಯಾರಿಗೆ ಏನು ನೆನಪಿದೆಯೋ ಇಲ್ಲಿ ಹಾಕಿ.

ಶಂಕರ ಚಿಕ್ಕಪ್ಪ: ಫೋನಿನಲ್ಲಿ ಒಂದೇ ವಿಷಯ ಎರಡು ಸಲ ಹೇಳಿದ್ದ. ನನ್ನ ಕಾಲ್ ಲಿಸ್ಟ್‌ನಲ್ಲಿ ತಾರೀಖು ಇರುತ್ತದೆ. ನೋಡಿ ಹಾಕುತ್ತೇನೆ. ಸೂಜಿ ವಿಷಯ ಮಾತ್ರ ನಾನೇ ಬಂದು ಡಾಕ್ಟರ ಹತ್ತಿರ ಕೇಳುತ್ತೇನೆ.

ಶರತ್: ಬನ್ನಿ ಮಾವ, ಕೇಳಲೇಬೇಕು. ಎಲ್ಲರಿಗೂ ಒಂದು ಮಾತು. ಜ್ವರದ ಜೊತೆ ಗೊಂದಲ, ಐದು ನಿಮಿಷ ದಾಟಿದ ಫಿಟ್ಸ್, ಇದ್ದಕ್ಕಿದ್ದಂತೆ ಮಾತು ತೊದಲುವುದು, ಪೂರ್ತಿ ಮಂಪರು ಕವಿಯುವುದು, ಇವುಗಳಲ್ಲಿ ಯಾವುದಾದರೂ ಆದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ತುರ್ತು ವಿಭಾಗಕ್ಕೆ ಹೋಗಿ.

ಅಪ್ಪ: ನನ್ನದೂ ಒಂದು ಮಾತು. ಡಾಕ್ಟರ್ ಪ್ರಶ್ನೆ ಕೇಳಿದಾಗ ಮೊದಲು ನಾನು ಉತ್ತರ ಹೇಳುತ್ತೇನೆ. ತಪ್ಪು ಹೇಳಿದರೂ ಮಧ್ಯೆ ತಿದ್ದಬೇಡಿ.

ಶರತ್: ಅದೇ ಸರಿ ದೊಡ್ಡ ಮಾವ. ನೀವು ಎಲ್ಲಿ ತಡೆಯುತ್ತೀರಿ ಅನ್ನುವುದನ್ನು ಅವರು ನೋಡಬೇಕು. ಆಮೇಲೆ ವೀಣಕ್ಕ ತಮ್ಮ ಪುಟ ಕೊಡಲಿ.