ನಾನು ಊರಿಗೆ ಬಂದದ್ದರಿಂದ ಊರಿಗೇನು ಬಂತು?

ಕಾನುಮನೆ: 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಒಂದು ಬ್ಯಾಗ್ ಹಿಡಿದು ಸಿದ್ದಾಪುರದ ಕಡೆಯ ನಮ್ಮೂರಿಗೆ ಬಂದೆ. ಹದಿನೈದು ದಿನಕ್ಕೆಂದು ಬಂದವನು ಇಲ್ಲೇ ಉಳಿದೆ. ಮೊದಲ ಮಳೆಗಾಲ ಗುಡ್ಡದ ತಲೆಯಲ್ಲಿ ತಾಡಪಾಲು ಕಟ್ಟಿಕೊಂಡು ಮೀಟಿಂಗ್. ಕಿವಿಯಲ್ಲಿ ಮ್ಯಾನೇಜರ್, ಕಾಲಲ್ಲಿ ರಕ್ತ ಹೀರುವ ಉಂಬಳ. ದಾರಿಯಲ್ಲಿ ಸಿಕ್ಕವರೆಲ್ಲ "ಕೆಲಸ ಹೋಯ್ತಾ ತಮಾ?" ಅಂತ ಮೆಲ್ಲಗೆ ಕೇಳುತ್ತಿದ್ದರು. ಆಮೇಲೆ ಫೈಬರ್ ಬಂತು, ಎಲ್ಲ ಸರಿಹೋಯಿತು. ಈಗ ಕಂಪನಿಯವರು ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅನ್ನುತ್ತಿದ್ದಾರೆ. ಅದು ನನ್ನ ತಲೆನೋವು, ಇರಲಿ. ನಮ್ಮಂಥವರು ಊರಲ್ಲಿ ಕೂತು ಕೆಲಸ ಮಾಡಿದರೆ ಊರು ಉದ್ಧಾರ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ನಿಜಕ್ಕೂ ಆಗಿದೆಯಾ?

ಜಯನಗರದವಳು: ಆಗದೆ ಏನು? ಇಲ್ಲಿ ಬಾಡಿಗೆಗೆ, ಕ್ಯಾಬಿಗೆ ಸುರಿಯುತ್ತಿದ್ದ ದುಡ್ಡು ಅಲ್ಲಿ ಖರ್ಚಾಗುತ್ತಿದೆ. ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಮಲೆನಾಡಿನಲ್ಲಿ ಎಷ್ಟಿವೆ ನೋಡಿ. ರಾತ್ರಿ ಎದೆನೋವು ಬಂದರೆ ಕಾರು ಓಡಿಸುವವರು ಮನೆಯಲ್ಲಿದ್ದಾರೆ. ಇದು ಸಣ್ಣದಾ?

ಕಾನುಮನೆ: ಸಣ್ಣದಲ್ಲ. ಆದರೆ ಅದು ನಮ್ಮ ಮನೆಗೆ ಆದ ಲಾಭ, ಊರಿಗಲ್ಲ. ದುಡ್ಡಿನ ಲೆಕ್ಕ ತೆಗೆದರೆ ಇನ್ವರ್ಟರ್, ಕುರ್ಚಿ, ಮಾನಿಟರ್ ಎಲ್ಲ ಆನ್‌ಲೈನ್. ಊರ ಅಂಗಡಿಗೆ ಹೋದದ್ದು ಸಕ್ಕರೆ, ಚಾಪುಡಿ. ಹಾಂ, ಒಂದಾಗಿದೆ. ಮೊದಲು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಪೂರ್ತಿ ಕೂಲಿ ಸಿಗಬೇಕಾದರೆ ಅಡಿಕೆ ಮಾರಾಟವಾಗಬೇಕಿತ್ತು. ಈಗ ನನ್ನ ಸಂಬಳವಿದೆ, ಮರದಿಂದ ಇಳಿದ ಸಂಜೆಯೇ ಕೂಲಿ ಬಂತೆಂದು ಅವನ ಫೋನ್ ಟಿಂಗ್ ಅನ್ನುತ್ತದೆ.

ತುಂಗಭದ್ರೆ ಕಡೆಯವ: ಕೊಪ್ಪಳದವನು ನಾನು. ನಿಮ್ಮ ಮಾತೆಲ್ಲ ಚೆಂದ, ಆದರೆ ನಮ್ಮ ಊರಿಂದ ಗುಳೆ ಹೋಗುವವರು ಹೋಗುವುದು ಗಾರೆ ಕೆಲಸಕ್ಕೆ. ಗಾರೆಗೆ ವರ್ಕ್ ಫ್ರಂ ಹೋಮ್ ಎಲ್ಲಿಂದ ತರೋಣ? ನಮ್ಮವರಿಗೆ ಡಿಜಿಟಲ್ ಅಂದರೆ ಬೇರೆಯೇ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಿಗೆ ಆ್ಯಪ್‌ನಲ್ಲಿ ದಿನಕ್ಕೆ ಎರಡು ಫೋಟೊ ಕಡ್ಡಾಯ ಮಾಡಿದರು. ಕೆರೆ ಹೂಳು ಬೇಗ ಎತ್ತಿ ಮುಗಿಸಿದವರೂ ಎರಡನೇ ಫೋಟೊಗೆಂದು ಬಿಸಿಲಲ್ಲಿ ಕಾಯಬೇಕಾಯಿತು. ಫೋಟೊ ಅಪ್‌ಲೋಡ್ ಆಗದಿದ್ದರೆ ಆ ದಿನದ ಕೂಲಿಗೇ ಕುತ್ತು ಬಂತು. ಒಂದೇ ನೆಟ್‌ವರ್ಕು. ನಿಮಗೆ ಸಂಬಳ ತಂದುಕೊಟ್ಟಿತು, ಇವರನ್ನು ಕಾಯಿಸಿತು.

ಜಯನಗರದವಳು: ಅದು ನಿಯಮ ಮಾಡಿದವರ ತಪ್ಪು. ತಂತ್ರಜ್ಞಾನವನ್ನು ಯಾಕೆ ಬೈಯುತ್ತೀರಿ? 2000ದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಬಂದ ಮೇಲೆ ಪಹಣಿಗಾಗಿ ಶಾನುಭೋಗರ ಮನೆಬಾಗಿಲು ಕಾಯುವುದು ತಪ್ಪಲಿಲ್ವಾ?

ತುಂಗಭದ್ರೆ ಕಡೆಯವ: ತಪ್ಪಿತು ಅಕ್ಕಾ, ಒಪ್ಪಿದೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದಿಸಲು ಈಗಲೂ ಅದೇ ಕಚೇರಿ, ಅದೇ ಬಾಗಿಲು. ಪ್ರಿಂಟ್ ಮಾತ್ರ ಬೇಗ.

ಕೇಬಲ್ ಅಣ್ಣ: ಫೈಬರ್ ಎಳೆಯುವವನು ನಾನು, ನನ್ನ ಲೆಕ್ಕ ಹೇಳುತ್ತೇನೆ. ಹಳ್ಳಿಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ, ಆಗ ಹೆಸರು ಬೇರೆ ಇತ್ತು. ಅದರ ಮೊದಲ ಗುರಿ ಪಂಚಾಯಿತಿ ಕಟ್ಟಡ ಮುಟ್ಟುವುದು. ಮಲೆನಾಡಿನಲ್ಲಿ ಕಷ್ಟ ಶುರುವಾಗುವುದೇ ಆ ಕಟ್ಟಡದಿಂದಾಚೆ. ಬಯಲಲ್ಲಿ ಒಂದು ಕೇರಿಗೆ ಹೋದರೆ ಐವತ್ತು ಮನೆ. ಇಲ್ಲಿ ಒಂದು ತೋಟಕ್ಕೆ ಒಂದು ಮನೆ. ಎರಡು ಕಿಲೋಮೀಟರ್ ಕೇಬಲ್ ಎಳೆದು ಒಂದು ಕನೆಕ್ಷನ್ ಕೊಟ್ಟರೆ ನನಗೆ ಅಸಲೂ ಹುಟ್ಟಲ್ಲ. ಆ ಒಂದು ಮನೆಯಲ್ಲಿ ಕಾನುಮನೆಯವರಂಥ ಸಂಬಳದ ಹುಡುಗನಿದ್ದರೆ ಕೇಬಲಿನ ದುಡ್ಡು ಮೊದಲೇ ಕೊಡುತ್ತಾನೆ. ಅವನ ದಾರಿಯಲ್ಲಿ ಸಿಗುವ ಮನೆಗಳಿಗೆ ಅದೇ ಕೇಬಲಿನಿಂದ ಕೊಡುತ್ತೇನೆ. ಊರಿಗೆ ಬಂದದ್ದು ಇದು ನೋಡಿ.

ಇನ್ನೊಂದು. ಸಿಡಿಲು ಫೈಬರಿನೊಳಗೆ ಬರಲ್ಲ, ಅದು ಗಾಜು. ಕರೆಂಟ್ ವಯರಲ್ಲಿ ಬರುತ್ತದೆ, ಇಲ್ಲ ಅಂದರೆ ಕೇಬಲ್ ಜೊತೆಗಿರುವ ಉಕ್ಕಿನ ತಂತಿಯಲ್ಲಿ. ಗುಡುಗು ಶುರುವಾದರೆ ರೂಟರಿನ ಅಡಾಪ್ಟರ್ ಕಿತ್ತಿಡಿ. ಎಷ್ಟು ಸಲ ಹೇಳಿದರೂ ಕೇಳಲ್ಲ, ಮರುದಿನ ಸುಟ್ಟ ಡಬ್ಬ ಹಿಡಿದು ಬರುತ್ತಾರೆ.

ತುಂಗಭದ್ರೆ ಕಡೆಯವ: ಹಾಗಾದರೆ ದಾರಿಯಲ್ಲಿಲ್ಲದ ಮನೆ? ಸಂಬಳದವನಿಲ್ಲದ ಊರು?

ಕೇಬಲ್ ಅಣ್ಣ: ಅಲ್ಲಿಗೆ ಸರ್ಕಾರವೇ ಎಳೆಯಬೇಕು. ನಾನು ಅಂಗಡಿ ಇಟ್ಟವನು, ಸುಮ್ನೆ ಸುಳ್ಳು ಹೇಳಲ್ಲ.

ಕಾನುಮನೆ: ನನ್ನ ಕೇಬಲಿನ ಮೇಲೆ ಐದು ಮನೆ ಇವೆ. ಒಬ್ಬ ಅಜ್ಜಿ ದಿನಾ ಸಂಜೆ ಅಮೆರಿಕದ ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡುತ್ತಾರೆ. ಒಬ್ಬಳು ಹುಡುಗಿ ರಾತ್ರಿ ಹನ್ನೊಂದರವರೆಗೆ ನೀಟ್ ಪಾಠ ಕೇಳುತ್ತಾಳೆ. ಕಳೆದ ಜೂನ್‌ನಲ್ಲಿ ನಾನು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದೆ. ಮತ್ತಿ ಮರ ಬಿದ್ದು ಕೇಬಲ್ ತುಂಡಾಯಿತು. ನಾಲ್ಕು ದಿನ ಯಾರೂ ಕೇಬಲಿನವರಿಗೆ ಫೋನ್ ಮಾಡಲಿಲ್ಲ. ಬಂದು ಕೇಳಿದರೆ, "ನೀ ಮಾಡಿರ್ತೀಯ ಅಂದ್ಕೊಂಡಿದ್ವಿ" ಅಂದರು. ನಾನಿದ್ದಾಗ ಅರ್ಧ ಗಂಟೆ ನೆಟ್ ಹೋದರೆ ಹತ್ತು ಸಲ ಫೋನ್ ಮಾಡುತ್ತೇನೆ, ಮೀಟಿಂಗ್ ಇರುತ್ತಲ್ಲ. ವಾರಕ್ಕೆ ಮೂರು ದಿನ ಅಂದರೆ ನಾನು ಹೋಗಿ ಬಂದು ಮಾಡಲಾಗದು, ಅಲ್ಲೇ ರೂಮ್ ಮಾಡಬೇಕು. ಆಮೇಲೆ ಮರ ಬಿದ್ದರೆ?

ಕೇಬಲ್ ಅಣ್ಣ: ನನ್ನ ನಂಬರನ್ನು ಆ ನೀಟ್ ಹುಡುಗಿಗೆ ಕೊಟ್ಟು ಹೋಗಿ. ಅಜ್ಜಿಗೂ ಕೊಡಿ. ಅಜ್ಜಿ ಆದರೆ ಇಪ್ಪತ್ತು ಸಲ ಮಾಡುತ್ತಾರೆ.